ಹಣೆಬರಹವೂ ಹೊಣೆಗಾರಿಕೆಯೂ

ಬಳ್ಳಾರಿಯಿಂದ ತೆಕ್ಕಲಕೋಟೆಯ ಮಾರ್ಗವಾಗಿ ಸಿರುಗುಪ್ಪಕ್ಕೂ, ಅಲ್ಲಿಂದ ತುಂಗಭದ್ರೆಯನ್ನು ದಾಟಿ ಸಿಂಧನೂರಿಗೂ ಸಾಗುವ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲದ ಊರುಗಳಲ್ಲಿ, ಯಾರಾದರೊಬ್ಬರು ವಾಹನಕ್ಕೆ ಸಿಕ್ಕಿ ಮೃತರಾದರೆಂಬ ವಾರ್ತೆ ಬಂದೊಡನೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಎರಡು ಮಾತುಗಳನ್ನು ಆಡುತ್ತಾರೆ. ‘ಪಾಪ, ಆಯುಷ್ಯ ಅಷ್ಟೇ ಪಡಕೊಂಡು ಬಂದಿದ್ದ’ ಎಂಬುದು ಮೊದಲನೆಯದು. ‘ಲಾರಿಯವನು ಕಣ್ಣುಮುಚ್ಚಿ ಓಡಿಸಿದನಂತೆ, ಅವನನ್ನು ಬಿಡಬಾರದು’ ಎಂಬುದು ಎರಡನೆಯದು. ಮೊದಲನೆಯದು ನಿಜವಾದರೆ ಸಾವು ಎಂದೋ ನಿಶ್ಚಿತವಾಗಿತ್ತು, ಲಾರಿ ನಿಮಿತ್ತಮಾತ್ರ. ಎರಡನೆಯದು ನಿಜವಾದರೆ ಸಾವು ತಪ್ಪಬಹುದಾಗಿತ್ತು, ಒಬ್ಬ ಮನುಷ್ಯನ ಪ್ರಮಾದದಿಂದ ತಪ್ಪಲಿಲ್ಲ. ಒಂದೇ ನಾಲಗೆ ಒಂದೇ ಗಳಿಗೆಯಲ್ಲಿ ಇವೆರಡನ್ನೂ ನುಡಿಯುವುದನ್ನು ಕಂಡು, ನಮ್ಮ ಜನಕ್ಕೆ ತರ್ಕವಿಲ್ಲವೆಂದು ಹಳಿಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಈ ಎರಡು ಮಾತುಗಳಿಗೂ ಬೇರೆಬೇರೆ ಅಧಿಕಾರಿಗಳಿದ್ದಾರೆ. ಯಾರು ಯಾವುದನ್ನು ಆಡಬಹುದು, ಯಾರು ಆಡಲಾಗದು ಎಂಬ ವಿವೇಕದಲ್ಲಿಯೇ ಈ ವಿಷಯದ ಧರ್ಮವಿದೆಯೆಂದು ನಾನು ನಂಬಿದ್ದೇನೆ.

ಈ ಸೀಮೆಯಲ್ಲಿ ಚಕ್ರಗಳು ಹೆಚ್ಚಿದುದು ನೀರಿನಿಂದ ಮತ್ತು ಕಲ್ಲಿನಿಂದ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ, ಜೋಳ ನವಣೆಗಳ ಎರೆಯ ನೆಲ ಸಿರುಗುಪ್ಪ ಕುರುಗೋಡುಗಳ ಕಡೆ ಭತ್ತದ ಗದ್ದೆಯಾಯಿತು. ಗದ್ದೆಯಾದ ಮೇಲೆ ಅಕ್ಕಿಗಿರಣಿ ಬಂದಿತು. ಗಿರಣಿಗೆ ಭತ್ತ ಹೊರುವ ಟ್ರ್ಯಾಕ್ಟರು, ಅಕ್ಕಿ ಹೊರುವ ಲಾರಿ, ನಾಟಿಗೂ ಮೆಣಸಿನಕಾಯಿ ಬಿಡಿಸುವುದಕ್ಕೂ ಹತ್ತಿ ಬಿಡಿಸುವುದಕ್ಕೂ ಹೆಣ್ಣಾಳುಗಳನ್ನು ತುಂಬಿಕೊಂಡು ಹೋಗುವ ಆಟೋ ಬಂದುವು. ಅತ್ತ ಸಂಡೂರಿನ ಅದಿರು ಬಳ್ಳಾರಿಯ ಸುತ್ತಣ ರಸ್ತೆಗಳನ್ನು ಲಾರಿಗಳಿಂದ ತುಂಬಿತು. ಹೊಸ ವಾಹನವನ್ನು ಕೊಂಡವನು ಅದನ್ನು ಬಳ್ಳಾರಿಯ ಕನಕದುರ್ಗಮ್ಮನ ಗುಡಿಯ ಮುಂದೆ ನಿಲ್ಲಿಸಿ, ಗಾಲಿಯ ಕೆಳಗೆ ನಿಂಬೆಹಣ್ಣನ್ನಿಟ್ಟು, ಕುಂಬಳಕಾಯಿ ಒಡೆದು, ಕುಂಕುಮವಿಟ್ಟುಕೊಂಡು ಮುಂದಕ್ಕೆ ಚಲಿಸುತ್ತಾನೆ. ಈ ಪೂಜೆಯನ್ನು ನಾನು ಹಗುರವಾಗಿ ಕಾಣಲಾರೆನು. ತನ್ನ ಕೈಗೆ ಬಂದಿರುವ ಯಂತ್ರವು ತನ್ನ ಹಿಡಿತವನ್ನು ಮೀರಬಲ್ಲುದು, ಕೊಲ್ಲಬಲ್ಲುದು ಎಂಬ ಭಯದ ಅರಿವು ಅದರಲ್ಲಿದೆ. ಆ ಅರಿವು ಗುಡಿಯ ಅಂಗಳದಿಂದ ಹೆದ್ದಾರಿಯವರೆಗೂ ಜೊತೆಗೆ ಬಂದರೆ ಅದಕ್ಕಿಂತ ದೊಡ್ಡ ರಕ್ಷೆಯಿಲ್ಲ. ಆದರೆ ರಕ್ಷೆಯ ಭಾರವನ್ನೆಲ್ಲ ಅಮ್ಮನಿಗೆ ಒಪ್ಪಿಸಿ ತಾನು ನಿಶ್ಚಿಂತನಾಗುವುದು ಬೇರೆಯ ಮಾತು.

ಭಕ್ತಿಯೊಂದೇ ರಕ್ಷೆಯಾಗುವುದಾದರೆ 2025ರ ಜನವರಿಯಲ್ಲಿ ಸಿಂಧನೂರಿನ ಬಳಿ ಆದುದು ಆಗಬಾರದಾಗಿತ್ತು. ಮಂತ್ರಾಲಯದ ವಿದ್ಯಾಪೀಠದ ವಿದ್ಯಾರ್ಥಿಗಳು ಆನೆಗೊಂದಿಯಲ್ಲಿ ನರಹರಿತೀರ್ಥರ ಆರಾಧನೆಗೆಂದು ರಾತ್ರಿಯಲ್ಲಿ ಹೊರಟಿದ್ದರು. ದಾರಿಯಲ್ಲಿ ವಾಹನ ಉರುಳಿ ಮೂವರು ವಿದ್ಯಾರ್ಥಿಗಳೂ ಚಾಲಕನೂ ಅಸುನೀಗಿದರು. ಗುರುವಿನ ಬೃಂದಾವನದಿಂದ ಹೊರಟು ಗುರುವಿನ ಬೃಂದಾವನಕ್ಕೆ ಹೋಗುತ್ತಿದ್ದ, ವೇದಾಧ್ಯಯನಕ್ಕೆ ಬಾಲ್ಯವನ್ನೊಪ್ಪಿಸಿದ್ದ ಹುಡುಗರು. ಇಂಥಲ್ಲಿ ‘ಏಕೆ’ ಎಂಬ ಪ್ರಶ್ನೆ ಎದೆಯನ್ನು ಸೀಳಿಕೊಂಡು ಬರುತ್ತದೆ. ಜನ್ಮಾಂತರದ ಕರ್ಮವೆಂಬ ಉತ್ತರವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ನನಗೆ ತಿಳಿಯದ ಕ್ಷೇತ್ರ. ಆದರೆ ಆ ಉತ್ತರವನ್ನು ಹೇಳುವ ಬಾಯಿ ಯಾವುದು ಎಂಬುದನ್ನು ಮಾತ್ರ ಕೇಳದೆ ಬಿಡಲಾರೆನು.

ಮಹಾಭಾರತದ ಅನುಶಾಸನಪರ್ವದ ಮೊದಲಲ್ಲಿಯೇ ಬರುವ ಗೌತಮಿಯ ಕಥೆ ಈ ಪ್ರಶ್ನೆಗಾಗಿಯೇ ಹುಟ್ಟಿದಂತಿದೆ. ಕುಮಾರವ್ಯಾಸನು ಗದಾಪರ್ವದಲ್ಲಿಯೇ ತನ್ನ ಕಾವ್ಯವನ್ನು ನಿಲ್ಲಿಸಿದುದರಿಂದ ನಮ್ಮ ಗಮಕಿಗಳ ಬಾಯಲ್ಲಿ ಇದು ಕೇಳಿಬರುವುದು ಅಪರೂಪ. ವೃದ್ಧೆಯಾದ ಗೌತಮಿಯ ಏಕಪುತ್ರನು ಹಾವು ಕಚ್ಚಿ ಸಾಯುತ್ತಾನೆ. ಅರ್ಜುನಕನೆಂಬ ಬೇಡನು ಆ ಹಾವನ್ನು ಹಗ್ಗದಲ್ಲಿ ಬಿಗಿದು ತಂದು, ಇದನ್ನು ಸುಡಲೇ ಕಡಿಯಲೇ ಎಂದು ತಾಯಿಯನ್ನು ಕೇಳುತ್ತಾನೆ. ಇದನ್ನು ಕೊಂದರೆ ಮಗನು ಏಳುವುದಿಲ್ಲ, ಬಿಟ್ಟುಬಿಡು ಎನ್ನುತ್ತಾಳೆ ಅವಳು. ಬೇಡನು ಒಪ್ಪುವುದಿಲ್ಲ. ಆಗ ಹಾವು ತಾನೇ ಮಾತಾಡಿ, ನಾನು ಸ್ವತಂತ್ರನಲ್ಲ, ಮೃತ್ಯು ನನ್ನನ್ನು ಪ್ರೇರಿಸಿದನು ಎನ್ನುತ್ತದೆ. ಮೃತ್ಯು ಬಂದು, ನನ್ನನ್ನು ಕಾಲನು ನೂಕಿದನೆನ್ನುತ್ತಾನೆ. ಕಾಲನು ಬಂದು, ಹಾವೂ ಅಲ್ಲ, ಮೃತ್ಯುವೂ ಅಲ್ಲ, ನಾನೂ ಅಲ್ಲ, ಆ ಬಾಲಕನ ಕರ್ಮವೇ ಅವನನ್ನು ಕೊಂದಿತೆಂದು ತೀರ್ಮಾನಿಸುತ್ತಾನೆ. ಗೌತಮಿ ಅದನ್ನು ಒಪ್ಪಿ, ತನ್ನ ಕರ್ಮವೂ ಇದಕ್ಕೆ ಕಾರಣವೆಂದು ಸೇರಿಸುತ್ತಾಳೆ. ಹಾವು ಬಿಡುಗಡೆಯಾಗುತ್ತದೆ.

ನಮ್ಮ ನ್ಯಾಯಾಲಯಗಳಲ್ಲಿ ಅಪಘಾತದ ಮೊಕದ್ದಮೆಯೊಂದನ್ನು ಕಂಡವರಿಗೆ ಈ ಸಂವಾದ ಅಪರಿಚಿತವಲ್ಲ. ಚಾಲಕನು ಮಾಲಿಕನನ್ನು ತೋರಿಸುತ್ತಾನೆ: ಬ್ರೇಕು ಸರಿಯಿಲ್ಲವೆಂದು ತಿಳಿಸಿದ್ದೆ, ಬೆಳಗಾಗುವುದರೊಳಗೆ ಲೋಡು ಮುಟ್ಟಿಸಬೇಕೆಂದು ಅವರೇ ಅವಸರಪಡಿಸಿದರು. ಮಾಲಿಕನು ವಿಮಾ ಕಂಪನಿಯನ್ನು ತೋರಿಸುತ್ತಾನೆ. ಕಂಪನಿಯು ಪಾಲಿಸಿಯ ಷರತ್ತನ್ನು ತೋರಿಸುತ್ತದೆ. ಕೊನೆಗೆ ಎಲ್ಲರೂ ಕೂಡಿ ಸತ್ತವನ ಕಡೆಗೆ ತಿರುಗಿ, ಅವನೇ ಅಡ್ಡಬಂದನು, ಹೆಲ್ಮೆಟ್ಟು ಹಾಕಿರಲಿಲ್ಲ, ಒಂದೇ ಬೈಕಿನ ಮೇಲೆ ಮೂವರಿದ್ದರು ಎನ್ನುತ್ತಾರೆ. ಕಾಲನ ತೀರ್ಮಾನಕ್ಕೂ ಇದಕ್ಕೂ ಶಬ್ದದಲ್ಲಿ ಅಷ್ಟೇನೂ ಅಂತರವಿಲ್ಲ. ಆದರೆ ಕಥೆಯನ್ನು ಅವಸರವಿಲ್ಲದೆ ಮತ್ತೊಮ್ಮೆ ಓದಿದರೆ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದಾಗಿ, ಬೇಡನು ಮೂರ್ಖನಲ್ಲ. ಬೇರೊಬ್ಬನ ಪ್ರೇರಣೆಯಿದ್ದರೂ ನೀನೂ ಒಂದು ಕಾರಣವೇ, ಮಡಕೆಗೆ ಚಕ್ರವೂ ದಂಡವೂ ಕಾರಣವಾಗುವಂತೆ, ಎಂಬ ಅವನ ವಾದವನ್ನು ಹಾವು ಎಷ್ಟು ಮಾತಾಡಿದರೂ ಪೂರ್ತಿಯಾಗಿ ಮುರಿಯುವುದಿಲ್ಲ. ಎರಡನೆಯದಾಗಿ, ಹಾವನ್ನು ಬಿಡಿಸಿದುದು ಹಾವಿನ ತರ್ಕವಲ್ಲ, ತಾಯಿಯ ಕ್ಷಮೆ. ಕಾಲನು ಬಾಯಿ ತೆರೆಯುವುದಕ್ಕೆ ಬಹಳ ಮೊದಲೇ ಅವಳು ಬಿಡೆಂದು ಹೇಳಿಯಾಗಿತ್ತು. ಇನ್ನು ಈ ಕಥೆಯನ್ನು ಯಾರು ಯಾರಿಗೆ ಹೇಳಿದರೆಂಬುದೂ ನೆನಪಿಡತಕ್ಕದ್ದು. ಹೇಳಿದವನು ಶರಶಯ್ಯೆಯಲ್ಲಿ ಮಲಗಿದ ಭೀಷ್ಮ. ಕೇಳಿದವನು, ಅಜ್ಜನ ಈ ಸ್ಥಿತಿಗೆ ತಾನೇ ಕಾರಣನೆಂದು ಕುದಿಯುತ್ತಿದ್ದ ಯುಧಿಷ್ಠಿರ. ಬಾಣ ತಗುಲಿದವನು ಬಾಣ ಬಿಡಿಸಿದವನಿಗೆ ‘ನಿನ್ನ ತಪ್ಪಲ್ಲ, ಕಾಲದ ತಪ್ಪು’ ಎಂದು ಸಮಾಧಾನ ಹೇಳಿದನು. ಯುಧಿಷ್ಠಿರನೇ ಅದನ್ನು ಭೀಷ್ಮನಿಗೆ ಹೇಳಿದ್ದರೆ ಅದು ಧರ್ಮೋಪದೇಶವಾಗಿರುತ್ತಿರಲಿಲ್ಲ, ಅಧರ್ಮದ ಪರಾಕಾಷ್ಠೆಯಾಗಿರುತ್ತಿತ್ತು.

ಮಗನನ್ನು ಕಳೆದುಕೊಂಡ ತಾಯಿಯು ರಾತ್ರಿಯೆಲ್ಲ ಕುಳಿತು, ದೇವರು ಅವನಿಗೆ ಅಷ್ಟೇ ದಿನ ಬರೆದಿದ್ದನೆಂದು ತನ್ನನ್ನು ತಾನೇ ಸಂತೈಸಿಕೊಂಡರೆ, ಆ ಮಾತನ್ನು ಅವಳ ಬಾಯಿಂದ ಕಸಿಯುವ ಹಕ್ಕು ಯಾವ ವಿಚಾರವಾದಿಗೂ ಇಲ್ಲ. ಅದೇ ಮಾತನ್ನು ಸ್ಟೀರಿಂಗಿನ ಹಿಂದಿದ್ದವನು ಆಡಿದನಾದರೆ ಅದು ಬೇರೆಯವರ ಸಾಂತ್ವನವನ್ನು ಕದ್ದು ತನ್ನ ತಪ್ಪಿಗೆ ಹೊದಿಸಿಕೊಂಡಂತೆ. ವಿಧಿಯ ಮಾತು ನೊಂದವನಿಗೆ ಸೇರಿದುದು. ನೋಯಿಸಿದವನಿಗೆ ಸೇರಿದುದು ಹೊಣೆಯ ಮಾತು.

ನೋಯಿಸಿದವನು ನಡೆದುಕೊಳ್ಳಬೇಕಾದ ಬಗೆಗೆ ರಾಮಾಯಣದಲ್ಲಿ ದಶರಥನ ಪ್ರಸಂಗವಿದೆ. ಯೌವನದಲ್ಲಿ ಅವನು ಸರಯೂತೀರದ ಕತ್ತಲೆಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಭ್ರಮಿಸಿ ಬಾಣವನ್ನು ಬಿಟ್ಟನು. ಕುರುಡ ತಂದೆತಾಯಿಗಳಿಗೆ ನೀರು ತರಲು ಬಂದಿದ್ದ ಮುನಿಕುಮಾರನು ಸತ್ತನು. ಸಾಕ್ಷಿಗಳಿಲ್ಲ, ನೋಡಿದವರಿಲ್ಲ. ರಥವನ್ನು ತಿರುಗಿಸಿಕೊಂಡು ಅಯೋಧ್ಯೆಗೆ ಹೋಗಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಆ ಕೊಡದಲ್ಲಿ ನೀರನ್ನು ತುಂಬಿಕೊಂಡು, ಮಗನ ಹೆಜ್ಜೆಯ ಸಪ್ಪಳವೆಂದು ಕಿವಿಗೊಟ್ಟು ಕುಳಿತಿದ್ದ ಮುದುಕರೆದುರಿಗೆ ಹೋಗಿ, ಕೊಂದವನು ನಾನೆಂದು ಹೇಳಿದನು. ನೀನೇ ಬಂದು ಹೇಳದೆ ಇದ್ದಿದ್ದರೆ ನಿನ್ನ ತಲೆ ನೂರು ಸಾವಿರ ಹೋಳಾಗುತ್ತಿತ್ತು, ಅರಿಯದೆ ಮಾಡಿದುದರಿಂದ ಉಳಿದುಕೊಂಡಿದ್ದೀಯೆ ಎಂಬ ಅರ್ಥದ ಮಾತನ್ನು ಆ ತಂದೆ ಆಡುತ್ತಾನೆ; ಪುತ್ರಶೋಕದ ಶಾಪವನ್ನೂ ಕೊಡುತ್ತಾನೆ. ಅರಿಯದೆ ಮಾಡಿದುದಕ್ಕೆ ರಿಯಾಯತಿಯುಂಟು, ಮಾಫಿಯಿಲ್ಲ. ಬಂದು ಹೇಳಿದುದಕ್ಕೆ ಮನ್ನಣೆಯುಂಟು. ಚಾಲಕನು ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸತಕ್ಕದ್ದು, ಪೊಲೀಸರಿಗೆ ವರದಿ ಮಾಡತಕ್ಕದ್ದು ಎಂದು ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ವಿಧಿಸುವುದೂ ಇದನ್ನೇ. ನಿಂತರೆ ಜನ ಸೇರಿ ಹೊಡೆದು ಸಾಯಿಸುತ್ತಾರೆಂಬ ಭಯದಿಂದ ಓಡಿದೆವೆಂದು ಲಾರಿಯವರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಅಂಥ ಗುಂಪು, ತಾನು ನ್ಯಾಯಮಾಡುತ್ತಿದ್ದೇನೆಂಬ ಭ್ರಮೆಯಲ್ಲಿ, ಗಾಯಾಳುವಿಗೆ ಸಿಗಬಹುದಾಗಿದ್ದ ಮೊದಲ ನೆರವನ್ನೇ ಓಡಿಸಿಬಿಡುತ್ತದೆ. ಅದರ ಪಾಪವೂ ಸಣ್ಣದಲ್ಲ. ಆದರೂ ಹತ್ತಿರದ ಠಾಣೆಗೆ ಓಡುವುದಕ್ಕೂ ಊರು ಬಿಟ್ಟು ಓಡುವುದಕ್ಕೂ ದಿಕ್ಕು ಬೇರೆ.

ಕಾರಣಗಳ ವಿಷಯದಲ್ಲಿ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಕಟ್ಟೆಯ ಮೇಲಿನ ಎರಡು ಮಾತುಗಳಿಗಿಂತ ಹೆಚ್ಚು ಸೂಕ್ಷ್ಮವಾಗಿದೆ. ಯಾವ ಕರ್ಮಕ್ಕಾದರೂ ಐದು ಕಾರಣಗಳೆಂದು ಅದು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ನಾನಾ ಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ದೈವವನ್ನು ಅದು ಬಿಟ್ಟಿಲ್ಲ. ಆದರೆ ಅದನ್ನು ಕೊನೆಯಲ್ಲಿಟ್ಟಿದೆ, ನಾಲ್ಕನ್ನು ಪರಿಶೀಲಿಸಿದ ಮೇಲೆ ಉಳಿಯುವ ಸ್ಥಾನದಲ್ಲಿ. ಸುಗ್ಗಿಯಲ್ಲಿ ಸಿರುಗುಪ್ಪದ ಕಡೆಯ ಯಾವುದಾದರೊಂದು ಊರಿನ ಹೊರಗೆ ನಿಂತು ನೋಡಿದವರಿಗೆ ಈ ಐದರ ಅರ್ಥ ಕಣ್ಣಿಗೆ ಕಟ್ಟುತ್ತದೆ. ಒಣಗಲೆಂದು ಡಾಂಬರಿನ ಅರ್ಧದವರೆಗೂ ಭತ್ತವನ್ನು ಹರವಿರುತ್ತಾರೆ. ಗಾಲಿಗಳು ಅದರ ಮೇಲೆ ಹತ್ತದಂತೆ ಅಂಚಿನುದ್ದಕ್ಕೂ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಸಂಜೆಗೆ ರಾಶಿಯನ್ನು ಎತ್ತಿಕೊಂಡು ಹೋದಾಗ ಕಲ್ಲುಗಳು ಅಲ್ಲಿಯೇ ಉಳಿಯುತ್ತವೆ. ಮುಂದೆ ನೂರು ಮಾರು ದೂರದಲ್ಲಿ, ಹಿಂಭಾಗದಲ್ಲಿ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರೇಲರೊಂದು ಚಕ್ರ ಕಳಚಿಕೊಂಡು ಕತ್ತಲಲ್ಲಿ ನಿಂತಿರುತ್ತದೆ. ಬೈಕಿನವನು ಬರುತ್ತಾನೆ, ಎದುರಿನಿಂದ ಬರುವ ಲಾರಿಯ ದೀಪ ಅವನ ಕಣ್ಣನ್ನು ಕುಕ್ಕುತ್ತದೆ. ಇಲ್ಲಿ ಅಧಿಷ್ಠಾನವಾದ ರಸ್ತೆಯನ್ನು ಕಣವಾಗಿಸಿದ ರೈತನಿದ್ದಾನೆ, ಕಣಕ್ಕೆ ಬೇರೆ ಜಾಗವನ್ನು ಒದಗಿಸದ ಆಡಳಿತವಿದೆ, ಕರಣವಾದ ಟ್ರೇಲರನ್ನು ದೀಪವಿಲ್ಲದೆ ಬಿಟ್ಟ ಒಡೆಯನಿದ್ದಾನೆ, ವೇಗವನ್ನು ತಗ್ಗಿಸದ ಕರ್ತೃವಿದ್ದಾನೆ, ದೀಪವನ್ನು ಇಳಿಸದ ಲಾರಿಯವನ ಚೇಷ್ಟೆಯಿದೆ. ಈ ನಾಲ್ಕರ ಲೆಕ್ಕವನ್ನೂ ಒಪ್ಪಿಸದೆ ಐದನೆಯದನ್ನು ಮುಂದಕ್ಕೆ ತಳ್ಳುವುದು ಗೀತೆಗೆ ಮಾಡುವ ಅಪಚಾರ. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಎಳೆಯುವಾಗ ಸಾವಿರ ಕೈಗಳು ಹಗ್ಗವನ್ನು ಹಿಡಿಯುತ್ತವೆ. ಆದರೆ ಗಾಲಿಗೆ ಸನ್ನೆ ಕೊಡುವವರು ತಮ್ಮ ಜಾಗದಲ್ಲಿ ನಿಲ್ಲುವವರೆಗೆ ಆ ತೇರು ಒಂದು ಗೇಣೂ ಮುಂದೆ ಹೋಗುವುದಿಲ್ಲ. ದೇವರೇ ಮೇಲೆ ಕುಳಿತಿದ್ದಾನೆ, ಅವನೇ ನಿಲ್ಲಿಸಿಕೊಳ್ಳುವನೆಂದು ಅಲ್ಲಿ ಯಾವ ಭಕ್ತನೂ ಹೇಳುವುದಿಲ್ಲ.

ಪ್ರಾಚೀನ ಧರ್ಮಶಾಸ್ತ್ರಕಾರರು ಈ ಲೆಕ್ಕವನ್ನು ಒಪ್ಪಿಸಿಕೊಳ್ಳುವುದರಲ್ಲಿ ಎಷ್ಟು ಎಚ್ಚರವಾಗಿದ್ದರೆಂಬುದು ಮನುಸ್ಮೃತಿಯ ಎಂಟನೆಯ ಅಧ್ಯಾಯದಿಂದ ತಿಳಿಯುತ್ತದೆ. ಆ ಗ್ರಂಥದಲ್ಲಿ ಇಂದಿನ ಮನಸ್ಸು ಒಪ್ಪಲಾಗದ, ಒಪ್ಪಬಾರದ ಭಾಗಗಳು ಬಹಳವಿವೆ. ಆದರೆ ಬಂಡಿಯ ಅಪಘಾತವನ್ನು ಕುರಿತ ಕೆಲವು ಶ್ಲೋಕಗಳು ಅಚ್ಚರಿಯನ್ನು ಹುಟ್ಟಿಸುತ್ತವೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಚಕ್ರ ಮುರಿದರೆ, ಹಗ್ಗ ಲಗಾಮುಗಳು ತುಂಡಾದರೆ, ದಾರಿ ಬಿಡಿರೆಂದು ಗಟ್ಟಿಯಾಗಿ ಕೂಗಿದ ಮೇಲೂ ಹಾನಿಯಾದರೆ, ದಂಡವಿಲ್ಲ. ಹೀಗೆ ಹತ್ತು ಸಂದರ್ಭಗಳು. ಮಿಕ್ಕೆಲ್ಲ ಕಡೆ ದಂಡವುಂಟು. ಸಾರಥಿ ಅಕುಶಲನಾಗಿದ್ದು ಬಂಡಿ ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ ಇನ್ನೂರು ದಂಡ, ಕುಶಲನಾಗಿದ್ದರೆ ದಂಡ ಸಾರಥಿಗೇ. ಅಕುಶಲನ ಬಂಡಿ ಹತ್ತಿದವರಿಗೆ ತಲೆಗೆ ನೂರರಂತೆ. ಮಾಲಿಕನ ಹೊಣೆ, ಚಾಲಕನ ಹೊಣೆ, ಪ್ರಯಾಣಿಕನ ಹೊಣೆ ಎಂಬ ಮೂರೂ ಅಲ್ಲಿ ಬೇರ್ಪಟ್ಟಿವೆ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇನ್ನೊಂದು ನಿಯಮವಿದೆ: ಬಾಲಕನು ನಡೆಸುವ ಬಂಡಿಯನ್ನು ಅರಸನು ವಶಪಡಿಸಿಕೊಳ್ಳತಕ್ಕದ್ದು. ನಮ್ಮ ಸಂಸತ್ತು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಲ್ಲಿ, ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವಾದರೆ ತಂದೆಗೋ ಪೋಷಕನಿಗೋ ಮಾಲಿಕನಿಗೋ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು ಎಂದು ವಿಧಿಸುವಾಗ ಕೌಟಿಲ್ಯನನ್ನು ನೆನೆಯಿತೋ ಇಲ್ಲವೋ, ನಡೆದುದು ಅದೇ ದಾರಿಯಲ್ಲಿ. ಬಳ್ಳಾರಿಯು 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು; ಆ ಮದರಾಸಿನ ಉಚ್ಚ ನ್ಯಾಯಾಲಯದ ಆವರಣದಲ್ಲಿ, ರಥದ ಗಾಲಿಗೆ ಕರುವನ್ನು ಸಿಕ್ಕಿಸಿದ ಸ್ವಂತ ಮಗನನ್ನೇ ದಂಡಿಸಿದನೆಂಬ ಮನುನೀತಿ ಚೋಳನ ಪ್ರತಿಮೆ ನಿಂತಿದೆ.

ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಬೇರೊಂದು ಕ್ರಮವಿತ್ತು. ಮನುಷ್ಯನ ಸಾವಿಗೆ ಕಾರಣವಾದ ಬಂಡಿಯನ್ನೋ ಚಕ್ರವನ್ನೋ, ಅಥವಾ ಅದರ ಬೆಲೆಯನ್ನೋ, ದೇವರಿಗೆ ಸಂದುದೆಂದು ಭಾವಿಸಿ ದೊರೆಯು ಧರ್ಮಕಾರ್ಯದ ಹೆಸರಿನಲ್ಲಿ ತೆಗೆದುಕೊಳ್ಳುತ್ತಿದ್ದನು. ಸತ್ತವನ ಹೆಂಡತಿಮಕ್ಕಳಿಗೆ ಅದರಿಂದ ಹಕ್ಕಾಗಿ ದೊರೆಯುತ್ತಿದ್ದುದೇನೂ ಇರಲಿಲ್ಲ. ರೈಲು ಬಂದ ಮೇಲೆ, 1846ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು, ಅದೇ ವರ್ಷ, ಸತ್ತವನನ್ನು ನಂಬಿದ್ದವರಿಗೆ ಪರಿಹಾರ ಕೇಳುವ ಹಕ್ಕನ್ನು ಕೊಟ್ಟರು. ದೇವರ ಪಾಲು ವಿಧವೆಯ ಪಾಲಾಯಿತು. ಇದರಿಂದ ದೇವರಿಗೆ ನಷ್ಟವಾಯಿತೆಂದು ನಾನು ತಿಳಿಯುವುದಿಲ್ಲ. ಆ ಹಕ್ಕು 1855ರ ಕಾಯಿದೆಯಾಗಿ ನಮ್ಮ ದೇಶಕ್ಕೆ ಬಂದಿತು. 1939ರಲ್ಲಿ ಮೋಟಾರು ವಾಹನ ಕಾಯಿದೆಯೂ, 1956ರ ತಿದ್ದುಪಡಿಯಿಂದ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಾಧಿಕರಣಗಳೂ ಬಂದುವು. ಇವೆಲ್ಲಕ್ಕಿಂತ ಹಿರಿದಾದ ಹೆಜ್ಜೆಯನ್ನು 1982ರಲ್ಲಿ ಇಟ್ಟರು: ತಪ್ಪು ಯಾರದೆಂದು ಸಿದ್ಧವಾಗದಿದ್ದರೂ, ತಪ್ಪು ಸತ್ತವನದೇ ಆಗಿದ್ದರೂ, ವಾಹನದ ಒಡೆಯನು ಇಷ್ಟನ್ನು ಕೊಡತಕ್ಕದ್ದು ಎಂದು. ಅಂದು ಸಾವಿಗೆ 15,000 ರೂಪಾಯಿ, 1988ರ ಕಾಯಿದೆಯಲ್ಲಿ 25,000, 1994ರಲ್ಲಿ 50,000, 2022ರ ಏಪ್ರಿಲ್ 1ರಿಂದ 164ನೆಯ ಕಲಮಿನಂತೆ ಐದು ಲಕ್ಷ. ಗುದ್ದಿ ಓಡಿಹೋದ ವಾಹನ ಯಾವುದೆಂದೇ ತಿಳಿಯದಾದಾಗ ಸಾವಿಗೆ ಎರಡು ಲಕ್ಷವನ್ನು ಸರ್ಕಾರದ ನಿಧಿಯಿಂದಲೇ ಕೊಡುತ್ತಾರೆ.

ತಪ್ಪಿಲ್ಲದವನು ಏಕೆ ಕೊಡಬೇಕು? ಧರ್ಮಶಾಸ್ತ್ರವನ್ನು ಓದಿದವನಿಗೆ ಇದು ವಿಚಿತ್ರವಾಗಿ ಕಾಣಲಾರದು. ಅರಿಯದೆ ಆದ ಹಿಂಸೆಗೂ ಪ್ರಾಯಶ್ಚಿತ್ತವನ್ನು ಹೇಳಿದ ಪರಂಪರೆ ನಮ್ಮದು. ಎರಡು ಗಾಲಿಗಳನ್ನೋ ಹದಿನಾಲ್ಕು ಗಾಲಿಗಳನ್ನೋ ಹೆದ್ದಾರಿಗೆ ಬಿಟ್ಟವನು, ಅದರ ಲಾಭವನ್ನು ಉಣ್ಣುವವನು, ಅದು ಹುಟ್ಟಿಸುವ ಅಪಾಯದ ಋಣವನ್ನೂ ಹೊತ್ತಿರುತ್ತಾನೆ. ಮನಸ್ಸಿನಲ್ಲಿ ಪಾಪವಿಲ್ಲದಿದ್ದರೂ ಲೋಕದಲ್ಲಿ ಋಣವಿರಬಹುದು.

ಪರಿಹಾರವೆಂದರೆ ಪ್ರಾಣಕ್ಕೆ ಬೆಲೆ ಕಟ್ಟುವುದೆಂದು ಬಗೆದು ಜುಗುಪ್ಸೆಪಡುವವರೂ ಇದ್ದಾರೆ. ‘ಸತ್ತ ಮಗನ ದುಡ್ಡು ನನಗೆ ಬೇಡ’ ಎನ್ನುವ ತಾಯಂದಿರಿದ್ದಾರೆ. ಅವರ ನೋವಿಗೆ ತಲೆಬಾಗುತ್ತ, ಲೆಕ್ಕವು ನಿಜವಾಗಿ ಹೇಗೆ ನಡೆಯುತ್ತದೆಂಬುದನ್ನು ತಿಳಿಸಬಯಸುತ್ತೇನೆ. ಕುರುಗೋಡಿನಲ್ಲಿ ಮೂವತ್ತೆರಡು ವರ್ಷದ ಗಾರೆ ಕೆಲಸದವನೊಬ್ಬನಿದ್ದನೆಂದೂ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನನ್ನು ನಂಬಿದ್ದರೆಂದೂ, ತಿಂಗಳ ಸಂಪಾದನೆ 12,000 ರೂಪಾಯಿಯೆಂದೂ ಭಾವಿಸೋಣ. ಸರ್ವೋಚ್ಚ ನ್ಯಾಯಾಲಯದ 2009 ಮತ್ತು 2017ರ ತೀರ್ಪುಗಳ ಪ್ರಕಾರ, ಬದುಕಿದ್ದರೆ ಅವನ ದುಡಿಮೆ ಏರುತ್ತಿತ್ತೆಂದು ನೂರಕ್ಕೆ ನಲವತ್ತನ್ನು ಸೇರಿಸುತ್ತಾರೆ. ತಿಂಗಳಿಗೆ 16,800, ವರ್ಷಕ್ಕೆ 2,01,600. ಇದರಲ್ಲಿ ನಾಲ್ಕನೆಯ ಒಂದು ಪಾಲನ್ನು, ಅಂದರೆ ಅವನು ತನ್ನ ಊಟಬಟ್ಟೆಗಳಿಗೆ ತಾನೇ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲನ್ನು, ಕಳೆಯುತ್ತಾರೆ. ಉಳಿದ 1,51,200ನ್ನು ಅವನ ವಯಸ್ಸಿಗೆ ಗೊತ್ತುಪಡಿಸಿರುವ 16ರಿಂದ ಗುಣಿಸುತ್ತಾರೆ. ಒಟ್ಟು 24,19,200. ಮಿಕ್ಕ ಬಾಬುಗಳು ಅದರ ಮೇಲೆ. ಸತ್ತವನು ಉಣ್ಣುತ್ತಿದ್ದ ಅನ್ನವನ್ನು ಕಳೆದು, ಅವನು ಉಣಿಸುತ್ತಿದ್ದ ಅನ್ನವನ್ನು ಮಾತ್ರ ಎಣಿಸುವ ಈ ಗಣಿತದಲ್ಲಿ ಪ್ರಾಣದ ಬೆಲೆ ಎಲ್ಲಿಯೂ ಬರುವುದಿಲ್ಲ. ಗೃಹಸ್ಥನೊಬ್ಬನು ಮಾಡಿಮುಗಿಸಲಾಗದೆ ಹೋದ ಕರ್ತವ್ಯದ ಶೇಷವು ಬೇರೆಯವರ ಕೈಯಿಂದ ನೆರವೇರುತ್ತಿದೆ, ಅಷ್ಟೆ. ತಾಯಿ ಅದನ್ನು ಉಂಡರೆ ಮಗನೇ ಇಕ್ಕಿದ್ದನ್ನು ಉಂಡಂತೆಂದು ನಾನು ಭಾವಿಸುತ್ತೇನೆ. ಮನೆವಾರ್ತೆಯಲ್ಲಿ ಸವೆದ ಹೆಣ್ಣಿನ ದುಡಿಮೆಗೂ ಲೆಕ್ಕದಲ್ಲಿ ಸ್ಥಾನವಿದೆಯೆಂದು, 2001ರಲ್ಲಿ ತಿಂಗಳಿಗೆ 3,000 ರೂಪಾಯಿಯೆಂದಾದರೂ, ಸರ್ವೋಚ್ಚ ನ್ಯಾಯಾಲಯ ಒಪ್ಪಿದುದನ್ನು ನಾನು ಧರ್ಮದ ವಿಸ್ತರಣೆಯೆಂದೇ ಎಣಿಸುತ್ತೇನೆ.

ನಡೆಯುವ ರೀತಿ ಮಾತ್ರ ಎಲ್ಲ ಕಾಲದಲ್ಲಿಯೂ ಇಷ್ಟು ಹಸನಾಗಿರುವುದಿಲ್ಲ. ‘ಎಂ.ವಿ.ಸಿ. ಕೇಸು’ ಎಂದು ಊರವರು ಕರೆಯುವ ಈ ವಿಚಾರಣೆಯಲ್ಲಿ, ಸಾಕ್ಷಿಯ ಕಟಕಟೆಯಲ್ಲಿ ನಿಂತ ಮುದುಕಿಯನ್ನು ‘ನಿನ್ನ ಮಗ ನಿನ್ನ ಕೈಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದ? ಅದಕ್ಕೆ ದಾಖಲೆ ಏನಿದೆ?’ ಎಂದು ಕೇಳುತ್ತಾರೆ. ಸಂತೆಯ ದಿನ ಸೆರಗಿಗೆ ಗಂಟು ಹಾಕಿಸುತ್ತಿದ್ದ ನೋಟಿಗೆ ಅವಳು ಯಾವ ದಾಖಲೆಯನ್ನು ತರಬೇಕು? ಲೈಸೆನ್ಸಿಲ್ಲದ ಹುಡುಗನು ಓಡಿಸಿದ್ದರೆ ಲೈಸೆನ್ಸಿದ್ದ ಬೇರೊಬ್ಬನನ್ನು ಚಾಲಕನೆಂದು ತೋರಿಸುವುದೂ, ವಿಮೆಯಿಲ್ಲದ ಗಾಡಿ ಗುದ್ದಿದ್ದರೆ ವಿಮೆಯಿದ್ದ ಗಾಡಿಯ ಸಂಖ್ಯೆಯನ್ನು ಬರೆಸುವುದೂ ನಡೆಯುತ್ತವೆ. ಮೊದಲನೆಯದು ಬಲ್ಲವರ ಮೋಸ, ಎರಡನೆಯದು ಬಹುಮಟ್ಟಿಗೆ ಬಡವರ ಮೋಸ. ಎರಡನ್ನೂ ಪ್ರಮಾಣಮಾಡಿಯೇ ನುಡಿಯುತ್ತಾರೆ. ಬಡವನ ಸುಳ್ಳಿನ ಮೇಲೆ ನನಗೆ ಮರುಕವಿದ್ದರೂ, ಸುಳ್ಳಿನ ಮೇಲೆ ನಿಂತ ತೀರ್ಪು ಉಚ್ಚ ನ್ಯಾಯಾಲಯದ ಧಾರವಾಡದ ಪೀಠಕ್ಕೆ ಮೇಲ್ಮನವಿ ಹೋದಾಗ ಕುಸಿಯುವುದುಂಟು, ಆಗ ನಿಜವಾಗಿ ಸಿಗಬೇಕಾಗಿದ್ದುದೂ ಸಿಗದೆ ಹೋಗುತ್ತದೆಂದು ಹೇಳದೆ ಇರಲಾರೆನು. ಒಬ್ಬನೇ ಚಾಲಕನು ಕ್ರಿಮಿನಲ್ ನ್ಯಾಯಾಲಯದಲ್ಲಿ ನಿರ್ದೋಷಿಯಾಗಿ, ನ್ಯಾಯಾಧಿಕರಣದಲ್ಲಿ ತಪ್ಪಿತಸ್ಥನಾಗುವುದುಂಟು. ಒಂದು ಕಡೆ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕು, ಇನ್ನೊಂದು ಕಡೆ ಸಂಭವನೀಯತೆಯ ತೂಕ ಸಾಕು. ಒಬ್ಬನ ಸ್ವಾತಂತ್ರ್ಯವನ್ನು ಕಸಿಯುವುದಕ್ಕೆ ಬೇಕಾದ ನಿಶ್ಚಯವು ಒಂದು ಸಂಸಾರಕ್ಕೆ ಅನ್ನ ಒದಗಿಸುವುದಕ್ಕೆ ಬೇಡವೆಂಬ ಈ ತಾರತಮ್ಯ ನನಗೆ ಸಮಂಜಸವಾಗಿಯೇ ತೋರುತ್ತದೆ.

ನನ್ನ ಮನಸ್ಸು ಒಪ್ಪದಿರುವುದು ಬೇರೊಂದು ಕಡೆ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ಸಮೀಪದ ಕೊಳಗಲ್ಲಿನ ಬಳಿ, ಹೊಲದ ಕೂಲಿಗೆ ಹೊರಟಿದ್ದ ಹೆಂಗಸರು ಕುಳಿತಿದ್ದ ಆಟೋ ಕಾಲುವೆಗೆ ಉರುಳಿ ಹಲವರು ಜೀವ ಕಳೆದುಕೊಂಡರು. ಈ ಸೀಮೆಯ ಹೆಣ್ಣಾಳು ಮಾಲಿಕನು ಕಳಿಸಿದ ಗಾಡಿಯನ್ನೇ ಹತ್ತಬೇಕು. ಅದು ಆಟೋ ಆಗಿರಬಹುದು, ಟ್ರ್ಯಾಕ್ಟರಿನ ಟ್ರೇಲರಾಗಿರಬಹುದು, ಸರಕಿನ ಟೆಂಪೋ ಆಗಿರಬಹುದು. ಸರಕಿನ ಗಾಡಿಯಲ್ಲಿ ಸುಮ್ಮನೆ ಪ್ರಯಾಣಮಾಡಿದವರ ಸಾವಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರ ಕೊನೆಯಲ್ಲಿ ತೀರ್ಮಾನಿಸಿದೆ. ಕಾಯಿದೆಯ ಶಬ್ದಗಳನ್ನು ನೋಡಿದರೆ ಆ ತೀರ್ಮಾನ ಸರಿಯೇ ಇರಬಹುದು. ಆದರೆ ಆಗ ಹೊಣೆಯು ಗಾಡಿಯ ಒಡೆಯನ ಮೇಲೆ ಮಾತ್ರ ನಿಲ್ಲುತ್ತದೆ. ಅವನೂ ಅನೇಕ ವೇಳೆ ಸಾಲದ ಟ್ರ್ಯಾಕ್ಟರಿನ ಸಣ್ಣ ರೈತನಾಗಿದ್ದು, ತೀರ್ಪಿನ ಹಣ ಕಾಗದದ ಮೇಲೆಯೇ ಉಳಿಯುತ್ತದೆ. ಅಕುಶಲ ಸಾರಥಿಯ ಬಂಡಿ ಹತ್ತಿದವರಿಗೂ ದಂಡವೆಂದ ಮನುವು, ಬೇರೆ ಬಂಡಿಯೇ ಇಲ್ಲದವರನ್ನು ನೆನೆಯಲಿಲ್ಲ, ನಾವೂ ನೆನೆದಿಲ್ಲ. ನಾಟಿಯ ಕಾಲದಲ್ಲಿ ಬೆಳಗಿನ ಆರು ಗಂಟೆಗೆ ಸಿರುಗುಪ್ಪ ಕುರುಗೋಡುಗಳ ಹಳ್ಳಿಗಳಿಂದ ಗದ್ದೆಗಳಿಗೆ ಬಸ್ಸು ಓಡಿದ್ದರೆ ಉಳಿಯಬಹುದಾಗಿದ್ದ ಜೀವಗಳನ್ನು ಹಣೆಬರಹದ ಲೆಕ್ಕಕ್ಕೆ ಬರೆಯುವ ಅಧಿಕಾರ, ಬಸ್ಸನ್ನು ಓಡಿಸದ ನಮಗಿಲ್ಲ.

ಕೊನೆಯದಾಗಿ, ದುಃಖದ ಮನೆಗಳಿಗೆ ತಲುಪಬೇಕಾದ ಒಂದು ವಿಷಯವನ್ನು ಹೇಳಬೇಕು. ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಲ್ಲಿ, ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿಯನ್ನು ಸಲ್ಲಿಸಬೇಕೆಂಬ ನಿರ್ಬಂಧವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಸಾಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆ. ಹದಿಮೂರನೆಯ ದಿನ, ಮಾಸಿಕ, ಹಬ್ಬದ ಸೂತಕ, ಮನೆಯಿಂದ ಹೊರಗೆ ಕಾಲಿಡದ ವಿಧವೆ, ‘ಹೋದವನು ಹೋದ, ಕೋರ್ಟಿಗೆ ಹೋದರೆ ಬರುತ್ತಾನೆಯೆ?’ ಎನ್ನುವ ಬಂಧುಗಳು, ‘ಪೊಲೀಸು ಗಿಲೀಸು ಬೇಡ’ ಎಂದು ಒಂದಿಷ್ಟು ನೋಟು ಹಿಡಿದುಕೊಂಡು ರಾಜಿಗೆ ಬರುವ ಗಾಡಿಯವನ ಕಡೆಯವರು, ಇವರೆಲ್ಲರ ನಡುವೆ ಆರು ತಿಂಗಳು ಕಳೆದುಹೋಗುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಅದೇ ಕಾಯಿದೆಯ ಪ್ರಕಾರ ಪೊಲೀಸರು ಅಪಘಾತದ ವರದಿಯನ್ನು ತಾವಾಗಿಯೇ ನ್ಯಾಯಾಧಿಕರಣಕ್ಕೆ ಕಳಿಸತಕ್ಕದ್ದು. ನ್ಯಾಯಾಧಿಕರಣವು ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಸ್ವೀಕರಿಸತಕ್ಕದ್ದು. ಆದುದರಿಂದ ಮನೆಯವರು ಶೋಕದಲ್ಲಿರುವಾಗ, ನೆರೆಯವನೊಬ್ಬನು ಠಾಣೆಗೆ ಹೋಗಿ ಆ ವರದಿ ಬಳ್ಳಾರಿಯ ನ್ಯಾಯಾಧಿಕರಣಕ್ಕೆ ಹೋಯಿತೆ, ಯಾವ ತಾರೀಕಿನಂದು ಹೋಯಿತು, ಗಾಡಿಯ ವಿಮೆಯ ಕಾಗದ ಅದರಲ್ಲಿ ಸೇರಿದೆಯೆ ಎಂದು ಕೇಳಿ ಬರೆದುಕೊಂಡು ಬಂದರೆ, ಅದು ಹೆಣಕ್ಕೆ ಹೆಗಲು ಕೊಡುವುದರಷ್ಟೇ ಪುಣ್ಯದ ಕೆಲಸ. ಗೌತಮಿಯಂತೆ ಕ್ಷಮಿಸುವವಳು ಕ್ಷಮಿಸಲಿ. ಅವಳ ಮೊಮ್ಮಕ್ಕಳ ಶಾಲೆಯ ಶುಲ್ಕಕ್ಕೂ ಆ ಕ್ಷಮೆಗೂ ವಿರೋಧವಿಲ್ಲವೆಂಬುದನ್ನು ಅವಳಿಗೆ ತಿಳಿಸಿ ಹೇಳುವವರು ಮಾತ್ರ, ಆರು ತಿಂಗಳು ತುಂಬುವುದರೊಳಗೆ, ಅವಳ ಮನೆಗೆ ಹೋಗಬೇಕು.